ಆನ್ ಸ್ಯಾವೇಜ್ ಎಲ್ಲೂ ಮಾಯವಾಗಲಿಲ್ಲ

'ಡಿಟೂರ್' (1945) ಸಿನಿಮಾ ಆದ ಮೇಲೆ ಹಾಲಿವುಡ್ ನಟಿ ಆನ್ ಸ್ಯಾವೇಜ್ ಮಾಯವಾದರು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ, ಅದನ್ನು ಮಾತ್ರ ನಾನು ಒಪ್ಪಲ್ಲ. ಅವಕಾಶ ಕಡಿಮೆಯಾಯಿತು, ನಿಜ. ಆದರೆ ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ವಕೀಲರ ಆಫೀಸಿನ ಕೆಲಸಕ್ಕೆ ಹೋದರು, ವಿಮಾನ ಹಾರಿಸೋದನ್ನೂ ಕಲಿತರು. 2007ರಲ್ಲಿ ಬಂದ 'ಮೈ ವಿನಿಪೆಗ್' ಸಿನಿಮಾದಲ್ಲಿ ತಾಯಿ ಪಾತ್ರಕ್ಕೆ ನಿರ್ದೇಶಕ ಗೈ ಮ್ಯಾಡಿನ್ ಕರೆದಿದ್ದು ಆನ್ ಅವರನ್ನೇ, ಆಗ ಆನ್‌ಗೆ ವಯಸ್ಸು ಎಂಬತ್ತು ದಾಟಿತ್ತು! ಮಾಯವಾದವರನ್ನು ಯಾರು ಹುಡುಕಿಕೊಂಡು ಹೋಗ್ತಾರೆ, ಅಲ್ವಾ?

'ಡಿಟೂರ್' ಇನ್ನೊಮ್ಮೆ ನೋಡಿ. ಒಂದು ಗಂಟೆ ಚಿಲ್ಲರೆ, ಅಷ್ಟೇ. ಅದರಲ್ಲೂ ಆನ್ ಬರೋದು ಹೆಚ್ಚುಕಡಿಮೆ ಅರ್ಧ ಸಿನಿಮಾ ಮುಗಿದ ಮೇಲೆ. ಕಾರಿನಲ್ಲಿ ಸುಮ್ನೆ ಒರಗಿ ನಿದ್ದೆ ಮಾಡುತ್ತಿದ್ದವಳು ತಟ್ಟನೆ ಎದ್ದು, ಕಾರು ಓಡಿಸುತ್ತಿದ್ದವನಿಗೆ 'ಹೆಣ ಎಲ್ಲಿ ಬಿಟ್ಟೆ?' ಅಂತಾಳೆ. ಆ ಕಣ್ಣು ನೋಡಿ ನನಗಂತೂ ಬೆನ್ನು ತಣ್ಣಗಾಯಿತು.