ಹೊರಗೋಡೆಯ ಸೆನ್ಸರ್ ದಂಡದ ಖರ್ಚಲ್ಲ

ಯುರೋಪಿನ ಮನೆಗಳನ್ನು ಬೆಚ್ಚಗಿಡುವ ವ್ಯವಸ್ಥೆಯ ಬಗ್ಗೆ ಬರೆಯುತ್ತಾ, ಕೋಣೆಯ ಬಿಸಿ ನೋಡಿ ಹೀಟಿಂಗನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಇದ್ದ ಮೇಲೆ, ಹೊರಗಿನ ಉಷ್ಣಾಂಶ ಅಳೆಯಲು ಹೊರಗೋಡೆಗೆ ಇನ್ನೊಂದು ಸೆನ್ಸರ್ ಹಾಕುವುದು ದಂಡ ಎಂದಿದ್ದೀರಿ. ಒಪ್ಪಲಾರೆ. ಥರ್ಮೋಸ್ಟಾಟ್‌ಗೆ ಚಳಿ ತಿಳಿಯುವುದು ಕೋಣೆ ತಣ್ಣಗಾದ ಮೇಲೆ. ನೆಲದಡಿ ಬಿಸಿನೀರಿನ ಕೊಳವೆ ಹಾಯಿಸಿದ ಮನೆಯಲ್ಲಿ ಕಾಂಕ್ರೀಟ್ ಕಾಯಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಮನೆಮಂದಿ ನಡುಗಿರುತ್ತಾರೆ.

ಮನೆಯಿಂದ ಸೋರುವ ಶಾಖ ಒಳ-ಹೊರಗಿನ ಉಷ್ಣಾಂಶದ ಅಂತರವನ್ನು ಅವಲಂಬಿಸಿದೆ. ಹೊರಗೆ 10 ಡಿಗ್ರಿ ಇರುವಾಗ 35 ಡಿಗ್ರಿಯ ನೀರು ಸಾಕಾಗುವ ಮನೆಗೆ, ಮೈನಸ್ 10ರಲ್ಲಿ 50 ಡಿಗ್ರಿಯ ನೀರು ಬೇಕಾಗಬಹುದು. ಸೆನ್ಸರ್ ಇದನ್ನು ಮೊದಲೇ ಗ್ರಹಿಸಿ ನೀರಿನ ಬಿಸಿಯನ್ನು ಹೊಂದಿಸುತ್ತದೆ. ನೀರು ಅನಗತ್ಯವಾಗಿ ಕಾಯದಿದ್ದರೆ ಹೀಟ್ ಪಂಪ್‌ಗೆ (ಹೊರಗಿನ ಗಾಳಿ ಅಥವಾ ನೆಲದ ಶಾಖವನ್ನು ಸೆಳೆದು ನೀರು ಕಾಯಿಸುವ ಯಂತ್ರ) ವಿದ್ಯುತ್ತೂ ಕಡಿಮೆ ಸಾಕು. ಅಲ್ಲೆಲ್ಲ ಸೆನ್ಸರನ್ನು ಬಿಸಿಲು ಬೀಳದ ಉತ್ತರದ ಗೋಡೆಗೆ ಹಾಕುವುದು ವಾಡಿಕೆ. ದಕ್ಷಿಣಕ್ಕೆ ಹಾಕಿದರೆ ಅದು ಬಿಸಿಲನ್ನೇ ಹವೆಯೆಂದು ನಂಬುತ್ತದೆ.

(ಬೆಂಗಳೂರಿನವನಿಗೆ ಈ ಉಸಾಬರಿ ಏಕೆ ಎನ್ನಬೇಡಿ. ಇಲ್ಲಿ ದಾಖಲಾದ ಕನಿಷ್ಠವೇ 7.8 ಡಿಗ್ರಿ, ಅದೂ 1884ರಲ್ಲಿ. ಆದರೆ ಮಗಳಿರುವುದು ಮ್ಯೂನಿಕ್‌ನಲ್ಲಿ; ಅವಳ ಬಿಲ್ಲಿನ ಚರ್ಚೆ ನಡೆಯುವುದು ಜಯನಗರದಲ್ಲಿ!)

ಹಾಗೆಂದು ಥರ್ಮೋಸ್ಟಾಟ್ ಬೇಡವೆಂದಲ್ಲ. ಕಿಟಕಿಯಿಂದ ಬಂದ ಬಿಸಿಲು, ಉರಿಯುವ ಒಲೆ, ನೆಂಟರು ತುಂಬಿದ ಕೋಣೆ ಹೊರಗಿನ ಸೆನ್ಸರ್‌ಗೆ ಕಾಣುವುದಿಲ್ಲ. ಅಷ್ಟನ್ನು ಒಳಗಿನದು ತಿದ್ದಲಿ.