ಒತ್ತು ಕಾಣೆಯಾಗಿದೆ

ಮೊನ್ನೆ ರಾತ್ರಿ ಹತ್ತಕ್ಕೆ ಮಲಗಬೇಕಾದವನು ಎರಡೂವರೆಗೆ ಮಲಗಿದೆ. ಕಾರಣ, ಒಂದು ‘ಪ’ಒತ್ತು.

ನನ್ನ ಕಂಪ್ಯೂಟರಿನಲ್ಲಿ ‘ಅಪ್ಪನ ಕಾಗದಗಳು’ ಅಂತ ಒಂದು ಫೋಲ್ಡರ್ ಇದೆ. ಸಾಯಂಕಾಲ ಸಿಸ್ಟಮ್ ಅಪ್‌ಡೇಟ್ ಮುಗಿಸಿ ನೋಡಿದರೆ ಅದು ‘ಅಪನ ಕಾಗದಗಳು’ ಆಗಿ ಕೂತಿತ್ತು. ಅದರ ಕೆಳಗಿನ ‘ಲೆಕ್ಕಪತ್ರ’ ‘ಲೆಕಪತ’ ಆಗಿತ್ತು. ಅಕ್ಷರದ ಕೆಳಗೆ ಯಾರೋ ಸ್ಕೇಲ್ ಇಟ್ಟು ಬ್ಲೇಡ್ ಎಳೆದ ಹಾಗೆ, ಒತ್ತುಗಳೆಲ್ಲ ನೀಟಾಗಿ ಮಾಯ. ಇಂಗ್ಲಿಷ್ ಹೆಸರಿನ ಫೋಲ್ಡರುಗಳಿಗೆ ಮಾತ್ರ ಕೂದಲೂ ಕೊಂಕಿರಲಿಲ್ಲ. ಅವಕ್ಕೇನು, ಒಂದಂತಸ್ತಿನ ಮನೆ. ನಮ್ಮ ಅಕ್ಷರಕ್ಕೆ ನೆಲಮಾಳಿಗೆ ಬೇಕು. ಸಾಲಿನ ಎತ್ತರ ಅಳೆಯುವಾಗ ಆ ಫೈಲ್ ಮ್ಯಾನೇಜರ್ ಇಂಗ್ಲಿಷ್ ಫಾಂಟನ್ನು ಮಾತ್ರ ನಿಲ್ಲಿಸಿ ಅಳೆದಿದೆ. ಆಮೇಲೆ ಬೇರೆ ಫಾಂಟಿನಿಂದ ಎರವಲು ಬಂದ ಕನ್ನಡವನ್ನು ಅದೇ ಜಾಗದಲ್ಲಿ ತುರುಕಿದೆ.

“ಐದು ನಿಮಿಷ, ಬಂದೆ” ಅಂದೆ ಹೆಂಡತಿಗೆ. ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇಟ್ಟುಕೊಂಡವನ ಬಾಯಲ್ಲಿ ಐದು ನಿಮಿಷ ಅಂದರೆ ಎಷ್ಟು ಅಂತ ಅವಳಿಗೆ ಗೊತ್ತು. ದೀಪ ಆರಿಸಲು ಎದ್ದವಳು ಹಾಗೇ ಬಿಟ್ಟು, ಓದಲು ಏನೋ ಹಿಡಿದು ಕೂತಳು.

ಮೊದಲು ಗುಬ್ಬಿ ಹಾಕಿದೆ, ಆಮೇಲೆ ನವಿಲು. ಫಾಂಟಿಗೆ ಗುಬ್ಬಿ, ನವಿಲು, ಕೇದಗೆ, ಮಲ್ಲಿಗೆ ಅಂತೆಲ್ಲ ಹೆಸರಿಟ್ಟ ಪುಣ್ಯಾತ್ಮರ ಮನಸ್ಸು ಎಷ್ಟು ಮೃದುವೋ, ಆ ಫಾಂಟನ್ನು ಇಡಬೇಕಾದ ಜಾಗ ಅಷ್ಟೇ ನಿಗೂಢ. ಡಾಟ್ ಲೋಕಲ್ ಅನ್ನುವ ಫೋಲ್ಡರಿನೊಳಗೆ ಶೇರ್, ಶೇರಿನೊಳಗೆ ಫಾಂಟ್ಸ್. ಹೆಸರಿನ ಮುಂದೆ ಚುಕ್ಕಿ ಇದ್ದರೆ ಫೋಲ್ಡರ್ ಕಣ್ಣಿಗೇ ಕಾಣುವುದಿಲ್ಲ. ಕಂಟ್ರೋಲ್ ಮತ್ತು ಎಚ್ ಒತ್ತಿ ಪ್ರತ್ಯಕ್ಷ ಮಾಡಿಕೊಳ್ಳಬೇಕು. ಫಾಂಟ್ ಅಲ್ಲಿಗೆ ಹಾಕಿ, ಹೊಸದು ಬಂದಿದೆ ಅಂತ ಸಿಸ್ಟಮ್ಮಿಗೆ ತಿಳಿಸಲು, ಆಜ್ಞೆ ಟೈಪ್ ಮಾಡುವ ಟರ್ಮಿನಲ್ಲಿನಲ್ಲಿ ಎಫ್‌ಸಿ-ಕ್ಯಾಶ್ ಅಂತ ಬರೆದು ಎಂಟರ್ ಹೊಡೆದೆ. ಒತ್ತು ಬರಲಿಲ್ಲ. ರೋಷಕ್ಕೆ ಬಿದ್ದು, ಜಗತ್ತಿನ ಲಿಪಿಗಳಿಗೆಂದೇ ಮಾಡಿದ ನೋಟೋ ಫಾಂಟುಗಳ ಇಡೀ ಕುಟುಂಬವನ್ನೇ ಇಳಿಸಿಕೊಂಡೆ. ಈಗ ಫಾಂಟಿನ ಪಟ್ಟಿ ಉರುಳಿಸಿದಷ್ಟೂ ಮುಗಿಯುವುದಿಲ್ಲ. ಎಂದೋ ಸತ್ತುಹೋದ ಲಿಪಿಗಳಾದ ಕ್ಯೂನಿಫಾರ್ಮ್ ಬಂತು, ಲೀನಿಯರ್ ಬಿ ಬಂತು. ಈಜಿಪ್ಟಿನ ಫೇರೋ ಏನಾದರೂ ಎದ್ದು ಬಂದು ನನಗೊಂದು ಕಾಗದ ಬರೆದರೆ ಅದರಲ್ಲಿನ ಒಂದೊಂದು ಹಕ್ಕಿಯೂ ನನ್ನ ಪರದೆಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಅಪ್ಪನ ಒತ್ತು ಮಾತ್ರ ಇಲ್ಲ.

ಕೊನೆಗೆ ಸೆಟ್ಟಿಂಗ್ಸಿನಲ್ಲಿ ಕನ್ನಡದ ಫಾಂಟನ್ನೇ ಇಡೀ ಡೆಸ್ಕ್‌ಟಾಪಿನ ಯಜಮಾನನನ್ನಾಗಿ ಮಾಡಿದೆ. ಸಾಲಿನ ಅಳತೆ ಅದರದೇ ಆಯಿತು, ಒತ್ತು ಇಳಿದು ನಿಂತಿತು. ಗಂಟೆ ಹನ್ನೊಂದು. ಬುದ್ಧಿ ಇರುವವನು ಅಲ್ಲಿಗೆ ಎದ್ದು ಹೋಗುತ್ತಿದ್ದ.

ನನಗೆ ಅಕ್ಷರಗಳು ಒಂಚೂರು ಮಂಜು ಮಂಜಾಗಿ ಕಂಡವು.

ಹಿಂಟಿಂಗ್ ಅಂತ ಒಂದಿದೆ. ಅಕ್ಷರದ ಗೆರೆ ಎರಡು ಪಿಕ್ಸೆಲ್ ನಡುವೆ ಬಿದ್ದರೆ ಅದನ್ನು ಕಿವಿ ಹಿಂಡಿ ಒಂದು ಕಡೆ ನಿಲ್ಲಿಸುವ ಏರ್ಪಾಡು. ಇದರ ಒಂದು ವಿಧಾನಕ್ಕೆ 2010ರವರೆಗೆ ಪೇಟೆಂಟ್ ಕಾವಲಿತ್ತು. ಆಗ ಲಿನಕ್ಸಿನಲ್ಲಿ ಅಕ್ಷರ ಸೊಟ್ಟಗಿದ್ದರೆ ಬೈಯಲು ಒಂದು ನೆಪವಾದರೂ ಇತ್ತು. ಈಗ ಇಲ್ಲ. ಹಿಂಟಿಂಗೇ ಬೇಡ, ಸ್ವಲ್ಪ, ಮಧ್ಯಮ, ಪೂರ್ತಿ ಎಂದು ನಾಲ್ಕು ದರ್ಜೆ. ನಾನು ಫಾಂಟಿನ ಸೆಟ್ಟಿಂಗ್ ನೋಡಿಕೊಳ್ಳುವ ಫಾಂಟ್‌ಕಾನ್ಫಿಗ್‌ನ ಕಡತ ತೆರೆದು, ‘ಸ್ವಲ್ಪ’ ಅಂತ ಬರೆದು, ಹೆಂಡತಿಯನ್ನು ಕರೆದೆ.

“ಇಲ್ಲಿ ನೋಡು. ಮೊದಲಿನದು ಚೆನ್ನಾಗಿತ್ತಾ, ಇದು ಚೆನ್ನಾಗಿದೆಯಾ?”

“ಯಾವ ಮೊದಲಿನದು?”

“ಈಗ ಇತ್ತಲ್ಲ, ಅದು.”

“ಎರಡೂ ಒಂದೇ ಥರ ಇದೆ ರೀ.”

‘ಮಧ್ಯಮ’ ಮಾಡಿದೆ. ಒಂದೇ ಥರ ಅಂದಳು. ‘ಪೂರ್ತಿ’ ಮಾಡಿದೆ. ಕನ್ನಡಕ ಹಾಕಿಕೊಂಡು ಬಂದು, ಬಗ್ಗಿ ನೋಡಿ, ಒಂದೇ ಥರ ಅಂದಳು. ಕಣ್ಣಿನ ಡಾಕ್ಟರ ಮುಂದೆ ಕೂತು ‘ಈ ಗಾಜೋ, ಆ ಗಾಜೋ’ ಅಂತ ಕೇಳಿಸಿಕೊಳ್ಳುವಾಗ ನಾವೆಲ್ಲ ಮರ್ಯಾದೆಗೆ ಅಂಜಿ ಏನೋ ಒಂದು ಹೇಳುತ್ತೇವಲ್ಲ, ಅಷ್ಟು ದಾಕ್ಷಿಣ್ಯವನ್ನೂ ಅವಳು ತೋರಿಸಲಿಲ್ಲ. ನನಗೋ ವ್ಯತ್ಯಾಸ ನಿಚ್ಚಳವಾಗಿ ಕಾಣುತ್ತಿತ್ತು! “‘ಳ’ ನೋಡು, ಅದರ ಸೊಂಟ ಈಗ ಎಷ್ಟು ತಿದ್ದಿದ ಹಾಗಿದೆ” ಅಂದೆ. “‘ಗ’ ಮೊದಲು ದಪ್ಪ ಇತ್ತು, ಈಗ ಸಣ್ಣಗಾಗಿದೆ” ಅಂದೆ. “‘ಗ’ ಸಣ್ಣಗಾಗಲಿ ಬಿಡಿ, ಯಾರಾದರೂ ಆಗಲಿ” ಅಂದಳು. ನನ್ನ ಹೊಟ್ಟೆಯ ಕಡೆ ನೋಡಿಯೇ ಅಂದಳು ಅಂತ ನನ್ನ ಅನುಮಾನ. ಕಲೆಯ ಕಣ್ಣು ಎಲ್ಲರಿಗೂ ಇರುವುದಿಲ್ಲ ಎಂಬ ಅರ್ಥ ಬರುವ ಹಾಗೆ ನಾನೂ ಏನೋ ಅಂದೆ. ಅವಳು ಹೋಗಿ ಮಲಗಿದಳು.

ಇದೇ ಹುಚ್ಚಿರುವ ಗೆಳೆಯನಿಗೆ ಮೆಸೇಜ್ ಹಾಕಿದೆ: ‘ಪೂರ್ತಿ’ ದರ್ಜೆಯಲ್ಲಿ ‘ಳ’ ಬಹಳ ಸೊಗಸು. ಅವನ ಉತ್ತರ ಕ್ಷಣದಲ್ಲಿ ಬಂತು. “ಕಡತ ಬದಲಾಯಿಸಿದ ಮೇಲೆ ಎಡಿಟರ್ ಮುಚ್ಚಿ ತೆರೆದ್ಯಾ?”

ತೆರೆದಿರಲಿಲ್ಲ. ಓಡುತ್ತಿರುವ ಅಪ್ಲಿಕೇಶನ್ ಹಳೆಯ ಸೆಟ್ಟಿಂಗನ್ನೇ ಹಿಡಿದುಕೊಂಡಿತ್ತು. ಅಂದರೆ, ಅಷ್ಟು ಹೊತ್ತು ನಾನು ಅವಳಿಗೆ ತೋರಿಸಿದ್ದೆಲ್ಲ ಒಂದೇ ಚಿತ್ರ. ಈಗ ಮುಚ್ಚಿ ತೆರೆದೆ. ನಾನು ಕಡತದಲ್ಲಿ ಒಂದು ಟ್ಯಾಗ್ ಮುಚ್ಚಿರಲಿಲ್ಲವಂತೆ. ಹನ್ನೆರಡನೇ ಸಾಲು ತಪ್ಪು ಅಂತ ಟರ್ಮಿನಲ್ ಬೈಯಿತು. ತಿದ್ದಿ ಮತ್ತೆ ತೆರೆದೆ. ಎದ್ದು ಹೋಗಿ ಹೆಂಡತಿಗೆ ವಿಷಯ ಹೇಳಬೇಕು ಅನ್ನಿಸಿತು. ನಿದ್ದೆ ಕೆಡಿಸುವುದು ಬೇಡ ಅಂತ ಸುಮ್ಮನಾದೆ.

ನಿದ್ದೆ ಹಾರಿತ್ತು. ಇಷ್ಟಕ್ಕೆಲ್ಲ ಕಾರಣವಾದ ಆ ಫೋಲ್ಡರನ್ನೇ ತೆರೆದೆ. ಒಳಗೆ ಅಪ್ಪ ಟೈಪ್ ಮಾಡಿದ ಹದಿನಾರು ಕಾಗದಗಳು. ಎಲ್ಲವೂ, ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮೊದಲಿನ ಪದ್ಧತಿಯವು. ಅಂದರೆ ಇಂಗ್ಲಿಷ್ ಅಕ್ಷರಗಳ ಸೀಟಿನಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟಿನವು. ಆ ಫಾಂಟ್ ಇಲ್ಲದಿದ್ದರೆ ಕಾಣುವುದು ಬರೀ ಪೌಂಡ್ ಚಿಹ್ನೆ, ತಲೆಯ ಮೇಲೆ ಕಡ್ಡಿ ಹೊತ್ತ ‘ಎ’. ಅಪ್ಪ ಫ್ರೆಂಚಿನಲ್ಲಿ ಬೈಯುತ್ತಿರುವ ಹಾಗೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ ನೋಡಿದೆ. ಓದಲು ಬಂತು, ಆದರೆ ಸಾಲುಗಳು ಎಲ್ಲೆಂದರಲ್ಲಿ ಮುರಿದು ಬಿದ್ದಿದ್ದವು. ಅಪ್ಪ ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತುತ್ತಿದ್ದರು, ಟೈಪ್‌ರೈಟರ್ ಅಭ್ಯಾಸ. “ಹಾಗೆ ಒತ್ತಬೇಡಿ, ಅದೇ ಕೆಳಗೆ ಹೋಗುತ್ತೆ” ಅಂತ ನಾನು ಎಷ್ಟೋ ಸಲ ರೇಗಿದ್ದೆ. “ಅದೇ ಹೋಗುವುದಾದರೆ ನಾನ್ಯಾಕೆ ಕೂತಿರಲಿ?” ಅನ್ನುತ್ತಿದ್ದರು.

ಹಳೆಯ ಪೆನ್‌ಡ್ರೈವಿನಲ್ಲಿ ಆ ಫಾಂಟ್ ಸಿಕ್ಕಿತು. ಅದೇ ಚುಕ್ಕಿಯ ಫೋಲ್ಡರಿಗೆ ಹಾಕಿ ಕಾಗದ ತೆರೆದೆ. ಬಲಗಡೆಯ ಅಂಚು ಗೆರೆ ಹೊಡೆದ ಹಾಗೆ ನೇರ. ಒಂದೊಂದು ಸಾಲನ್ನೂ ಅವರು ಕಣ್ಣಳತೆಯಲ್ಲೇ ನಿಲ್ಲಿಸಿದ್ದರು. ಆ ಅಂಚು ಆ ಒಂದು ಫಾಂಟಿನಲ್ಲಿ ಮಾತ್ರ ಕೂಡುತ್ತದೆ. ಹದಿನಾರನ್ನೂ ಓದಿದೆ. ಹೆಚ್ಚಿನವು ನನ್ನ ಆರೋಗ್ಯದ ಬಗ್ಗೆ, ಬೇಗ ಮಲಗುವ ಬಗ್ಗೆ.

ಬೆಳಿಗ್ಗೆ ಹೆಂಡತಿಯ ಕೂಗಿಗೆ ಎಚ್ಚರವಾಯಿತು. ಹೋಗಿ ನೋಡಿದರೆ ಪರದೆಯ ಮೇಲೆ ಫೈಲ್ ಇಲ್ಲ, ಎಡಿಟ್ ಇಲ್ಲ; ಮೆನುವಿನ ಉದ್ದಕ್ಕೂ ಅರ್ಧ ಕೊಂಬು, ಒಂಟಿ ದೀರ್ಘ, ತಲೆಕಟ್ಟು ಕಳೆದುಕೊಂಡ ಅಕ್ಷರಗಳು. ರಾತ್ರಿ ನಿದ್ದೆಗಣ್ಣಿನಲ್ಲಿ, ಕಾಗದಕ್ಕೆ ಹಾಕಬೇಕಿದ್ದ ಹಳೆಯ ಫಾಂಟನ್ನು ಇಡೀ ಡೆಸ್ಕ್‌ಟಾಪಿಗೆ ಹಾಕಿ ಮಲಗಿದ್ದೆ. ಇಂಗ್ಲಿಷಿನಲ್ಲಿ ಇದ್ದದ್ದೆಲ್ಲ ಕಲಸಿಹೋಗಿತ್ತು. ನಡುವೆ ‘ಅಪ್ಪನ ಕಾಗದಗಳು’ ಒಂದು, ಒತ್ತು ಸಮೇತ, ಸ್ವಚ್ಛವಾಗಿ ಕೂತಿತ್ತು.

ಹೆಂಡತಿ ಕನ್ನಡಕ ಸರಿಮಾಡಿಕೊಂಡಳು.

“ಈಗ ವ್ಯತ್ಯಾಸ ಕಾಣ್ತಿದೆ ನೋಡಿ” ಅಂದಳು.