ಕಮಲಾದೇವಿ ಯಾರ ಹೆಂಡತಿ?

ಈ ಸಲ ಮಹಿಳಾ ದಿನಕ್ಕೆ ಕೊಪ್ಪಳದಲ್ಲಿ ಒಂದು ಕಡೆ ಭಾಷಣಕ್ಕೆ ಕರೆದಿದ್ದರು. ಸ್ವಾತಂತ್ರ್ಯ ಹೋರಾಟಕ್ಕೂ ಕರಕುಶಲಕ್ಕೂ ದುಡಿದ ಕಮಲಾದೇವಿ ಚಟ್ಟೋಪಾಧ್ಯಾಯರ ಬಗ್ಗೆ ಮಾತಾಡ್ತೀನಿ ಅಂದೆ. ನಿರೂಪಣೆ ಮಾಡುತ್ತಿದ್ದ ಹುಡುಗ ಮೈಕ್ ಹಿಡಿದು ಗಟ್ಟಿಯಾಗಿ ಹೇಳಿದ: “ಈಗ ಮೇಡಂ ಅವರು ಸರೋಜಿನಿ ನಾಯ್ಡು ಅವರ ತಮ್ಮನ ಹೆಂಡತಿ ಕಮಲಾದೇವಿಯವರ ಬಗ್ಗೆ ಮಾತಾಡಲಿದ್ದಾರೆ.”

ಪಾಪ, ಸುಳ್ಳೇನೂ ಹೇಳಲಿಲ್ಲ. ಆದರೆ ಆ ತಮ್ಮನನ್ನು, ಅಂದರೆ ಕವಿ ಹರೀಂದ್ರನಾಥರನ್ನು, ಕಮಲಾದೇವಿ ವಿಚ್ಛೇದನ ಪಡೆದು ಬಿಟ್ಟಿದ್ದರು. ಅದೂ ಆ ಕಾಲದಲ್ಲಿ. ಬಿಟ್ಟ ಗಂಡನ ಅಕ್ಕನ ಹೆಸರು ಹೇಳಿ ಗುರುತು ಹಿಡಿಸಬೇಕಾದ ಹಣೆಬರಹ ನೋಡಿ! ಆಕೆ ತೀರಿಕೊಂಡಿದ್ದು 1988ರಲ್ಲಿ. ಇಷ್ಟು ವರ್ಷವಾದರೂ ನಾವು ಕೇಳುವ ಮೊದಲ ಪ್ರಶ್ನೆ ಅದೇ. ಯಾರ ಪೈಕಿ? ಯಾರ ಹೆಂಡತಿ?

ಭಾಷಣ ಮುಗಿಯಿತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಕೊನೆಗೆ ಒಂದು ಕಿನ್ನಾಳ ಗೊಂಬೆ. ನಮ್ಮ ಜಿಲ್ಲೆಯ ಯಾವ ಕಾರ್ಯಕ್ರಮಕ್ಕೆ ಹೋದರೂ ಈಗ ಗೊಂಬೆಯೇ ನೆನಪಿನ ಕಾಣಿಕೆ. ಮನೆಗೆ ಬಂದು ಬುಡ ತಿರುಗಿಸಿ ನೋಡಿದೆ. ಮಾಡಿದವರ ಹೆಸರಿನ ಚೀಟಿ ಇತ್ತು. ಗಂಡಸಿನ ಹೆಸರು. ಆ ಚೀಟಿಯಿಂದಲೇ ಈ ಬರಹ ಶುರುವಾಗಿದ್ದು ಅನ್ನಬಹುದು.

ಮೊದಲು ಕಮಲಾದೇವಿಯ ಕಥೆ ಸ್ವಲ್ಪ. ಹುಟ್ಟಿದ್ದು ಮಂಗಳೂರಿನಲ್ಲಿ, 1903ರ ಏಪ್ರಿಲ್ 3ರಂದು. ಅಪ್ಪ ಅನಂತಯ್ಯ ಧಾರೇಶ್ವರ ದೊಡ್ಡ ಸರ್ಕಾರಿ ಅಧಿಕಾರಿ. ಮಗಳಿಗೆ ಏಳು ವರ್ಷವಿದ್ದಾಗ ಅವರು ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಇದ್ದ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೂ ಹೆಣ್ಣುಮಕ್ಕಳಿಗೂ ಅಂತ ಉಳಿದಿದ್ದು ತಿಂಗಳ ಖರ್ಚಿನ ದುಡ್ಡು ಮಾತ್ರ. ಆ ತಾಯಿ ಅದನ್ನೂ ಬೇಡ ಅಂದರು. ತವರಿನಿಂದ ತಂದಿದ್ದರಲ್ಲೇ ಮಕ್ಕಳನ್ನು ಸಾಕಿದರು.

ಈ ಭಾಗ ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಯಾಕೆಂದರೆ ನಾನು ಗಿರಿಜಾಬಾಯಿ ಅಲ್ಲ. ಕರ್ನಾಟಕದಲ್ಲಿ 1994ರಲ್ಲೇ ಕಾನೂನು ತಿದ್ದಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟರು, ದೇಶಕ್ಕೆಲ್ಲ 2005ರಲ್ಲಿ ಬಂತು. ಇದನ್ನೆಲ್ಲ ಮಕ್ಕಳಿಗೆ ಪಾಠ ಹೇಳುವ ನಾನೇ, ಅಪ್ಪ ಹೋದ ಮರುವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದೆ. ಅಕ್ಕನೂ ಹಾಕಿದಳು. ಯಾರೂ ಜೋರು ಮಾಡಲಿಲ್ಲ. “ತವರಿನ ಅರಿಶಿನ ಕುಂಕುಮ ಇದ್ದರ ಸಾಕಲ್ಲೇನವಾ” ಅಂತ ಅವ್ವ ಅಂದಳು, ಅಷ್ಟೇ. ಅಣ್ಣ ಇಬ್ಬರಿಗೂ ಒಂದೊಂದು ಇಳಕಲ್ ಸೀರೆ ಕೊಡಿಸಿದ. ಹೊರಗೆ ಬಂದು ಮಿರ್ಚಿ ಮಂಡಕ್ಕಿ ತಿಂದೆವು. ಬಿಲ್ಲೂ ಅವನೇ ಕೊಟ್ಟ. ಅಣ್ಣ ಒಳ್ಳೆಯವನೇ, ಅದರ ಬಗ್ಗೆ ಎರಡು ಮಾತಿಲ್ಲ. ಸೀರೆನೂ ಚೆನ್ನಾಗಿದೆ. ಆದರೆ ವೇದಿಕೆ ಮೇಲೆ ನಿಂತು ಗಿರಿಜಾಬಾಯಿಯ ಬಗ್ಗೆ ಹೇಳುವಾಗ ಮೊದಲ ಸಾಲಿನಲ್ಲಿ ಕೂತಿದ್ದ ಅಕ್ಕನ ಮುಖ ನೋಡಲಿಲ್ಲ ನಾನು.

ಸರಿ, ಮುಂದಕ್ಕೆ ಹೋಗೋಣ. ಕಮಲಾದೇವಿಗೆ 14ಕ್ಕೆ ಮದುವೆ, ಎರಡೇ ವರ್ಷದಲ್ಲಿ ವಿಧವೆ. ಆಮೇಲೆ ಓದು, ಹರೀಂದ್ರನಾಥರ ಜೊತೆ ಮರುಮದುವೆ, ನಾಟಕ. 1931ರಲ್ಲಿ ಒಂದು ಮೂಕಿ ಚಿತ್ರದಲ್ಲೂ ನಟಿಸಿದರು. ಇದು ಎಷ್ಟು ದೊಡ್ಡ ವಿಷಯ ಅಂತ ಬಳ್ಳಾರಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳೂ ರಂಗಕ್ಕೆ ಬರಬೇಕು ಅಂತ ನಾಟಕದ ನಟ ಬಳ್ಳಾರಿ ರಾಘವರು ಹೋರಾಡಿದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ.

1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ಚುನಾವಣೆ. ಹೆಂಗಸರೂ ನಿಲ್ಲಬಹುದು ಅಂತ ಆಗಷ್ಟೇ ಆಗಿತ್ತು. ಐರ್ಲೆಂಡಿನಿಂದ ಬಂದಿದ್ದ ಮಾರ್ಗರೆಟ್ ಕಸಿನ್ಸ್ ಹುರಿದುಂಬಿಸಿದರು, ಕಮಲಾದೇವಿ ನಿಂತರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಸ್ವಲ್ಪದರಲ್ಲೇ ಸೋತರು. ಆದರೆ ನಮ್ಮ ದೇಶದಲ್ಲಿ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಹೆಂಗಸು ಅಂತ ಇವತ್ತಿಗೂ ಅವರನ್ನೇ ಹೇಳುತ್ತಾರೆ. ಬಳ್ಳಾರಿಯೂ ಆಗ ಅದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕೊಪ್ಪಳ, ರಾಯಚೂರು ನಿಜಾಮರ ಕೈಯಲ್ಲಿ. ಬಸ್ಸಲ್ಲಿ ಒಂದೆರಡು ತಾಸಿನ ದಾರಿ, ಆದರೆ ಆಚೆಗೊಂದು ಲೋಕ, ಈಚೆಗೊಂದು ಲೋಕ. ನನ್ನ ಅಜ್ಜಿ ವೋಟು ಅಂತ ಹಾಕಿದ್ದು ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ.

ಆ ಚುನಾವಣೆಯ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಮತದಾರರ ಪಟ್ಟಿ ಮಾಡಲು ಹೋದಾಗ ಎಷ್ಟೋ ಹೆಂಗಸರು ತಮ್ಮ ಹೆಸರೇ ಹೇಳಲಿಲ್ಲವಂತೆ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಹೆಚ್ಚಿನವರು ಉತ್ತರದ ಕಡೆಯವರು. ನಾವು ಬೀಗಬೇಕಿಲ್ಲ, ಮದುವೆ ಪತ್ರಿಕೆ ತೆಗೆದು ನೋಡಿ. “ಶ್ರೀಮತಿ ಮತ್ತು ಶ್ರೀ” ಆದಮೇಲೆ ಒಂದೇ ಹೆಸರು ಇರುತ್ತದೆ.

ಉಪ್ಪಿನ ಸತ್ಯಾಗ್ರಹದ ಕಥೆ ಬಹಳ ಜನಕ್ಕೆ ಗೊತ್ತು, ಚಿಕ್ಕದಾಗಿ ಹೇಳಿಬಿಡ್ತೀನಿ. 1930ರಲ್ಲಿ ದಂಡಿಗೆ ಹೊರಟ ಗಾಂಧೀಜಿ ಹೆಂಗಸರನ್ನು ಜೊತೆಗೆ ಕರೆದುಕೊಂಡಿರಲಿಲ್ಲ. ಕಮಲಾದೇವಿ ಹೋಗಿ ವಾದ ಮಾಡಿದರು. ಕಡೆಗೆ ಹೆಂಗಸರೂ ಉಪ್ಪು ಮಾಡಲಿ ಅಂತಾಯಿತು. ಬೊಂಬಾಯಿಯಲ್ಲಿ ಉಪ್ಪಿನ ಪೊಟ್ಟಣ ಹಿಡಿದು ಷೇರುಪೇಟೆಯ ಒಳಗೇ ಮಾರಲು ನುಗ್ಗಿದರು. ಜೈಲಾಯಿತು. 1936ರ ಹೊತ್ತಿಗೆ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆ. ಇದರ ನಡುವೆಯೇ ಬರೆಯುತ್ತಲೂ ಇದ್ದರು. ಹೆಣ್ಣುಮಕ್ಕಳ ಎಚ್ಚರದ ಬಗ್ಗೆ 1939ರಲ್ಲಿ ಒಂದು ಪುಸ್ತಕ, ಸ್ವಾತಂತ್ರ್ಯಕ್ಕಾಗಿ ಹೆಂಗಸರು ಹೋರಾಡಿದ್ದರ ಬಗ್ಗೆ 1983ರಲ್ಲಿ ಇನ್ನೊಂದು, 1986ರಲ್ಲಿ ಆತ್ಮಕಥೆ. ಎಲ್ಲ ಇಂಗ್ಲಿಷಿನಲ್ಲಿ. ಮಂಗಳೂರಿನ ಹುಡುಗಿ ಇಷ್ಟು ಬರೆದರೂ ನಮ್ಮ ಕನ್ನಡ ಪಾಠಗಳಲ್ಲಿ ಕಾಣಿಸುವುದು ಕಡಿಮೆ. ಇದು ನನ್ನ ಹಳೆಯ ಸಿಟ್ಟು.

1940ರ ಆಸುಪಾಸಿನಲ್ಲಿ ಅಮೆರಿಕದಲ್ಲಿದ್ದಾಗ, ದಕ್ಷಿಣದ ಕಡೆ ರೈಲಿನಲ್ಲಿ ಬಿಳಿಯರ ಡಬ್ಬಿಯಿಂದ ಏಳು ಅಂತ ಟಿಕೆಟ್ ನೋಡುವವನು ಹೇಳಿದನಂತೆ. ಇವರು ಏಳಲಿಲ್ಲ. ಭಾರತದವಳು ಅಂತ ಗೊತ್ತಾಗಿ ಅವನು ಮೆತ್ತಗಾದ. ಅಲ್ಲಿಗೆ ಸುಮ್ನೆ ಕೂತಿದ್ದರೆ ಆಗುತ್ತಿತ್ತು ಅಲ್ವಾ? ಇಲ್ಲ, ನಾನೂ ಕಪ್ಪು ಬಣ್ಣದವಳೇ, ಏಳಲ್ಲ ಅಂದರಂತೆ. ಆ ವಿನಾಯಿತಿಯನ್ನು ಬೇಡ ಅಂದರಲ್ಲ, ಅದು ನನಗೆ ಉಪ್ಪಿನ ಕಥೆಗಿಂತ ದೊಡ್ಡದು.

ಈಗ ನನ್ನ ತಕರಾರಿಗೆ ಬರ್ತೀನಿ. ಕಮಲಾದೇವಿಯ ಬಗ್ಗೆ ಬರೆಯುವವರು ಅವರ ಬದುಕನ್ನು ಎರಡು ತುಂಡು ಮಾಡುತ್ತಾರೆ. 1947ರವರೆಗೆ ಹೋರಾಟಗಾರ್ತಿ. ಆಮೇಲೆ ಕರಕುಶಲ, ಸೀರೆ, ಗೊಂಬೆ, ಮಡಕೆ. ರಾಜಕೀಯ ಸಾಕಾಗಿ ಕಲೆಯ ಕಡೆ ಹೊರಳಿದರು ಅನ್ನುವ ಹಾಗೆ. ನಾನೂ ಹೀಗೇ ಅಂದುಕೊಂಡಿದ್ದೆ.

ಗೊಂಬೆಯ ಬುಡದ ಚೀಟಿ ನೋಡಿದ ಮೇಲೆ ಒಂದು ಭಾನುವಾರ ಕಿನ್ನಾಳಕ್ಕೆ ಹೋದೆ. ಕೊಪ್ಪಳದಿಂದ ದೂರವೇನಿಲ್ಲ. ಒಂದು ಚಿತ್ರಗಾರರ ಮನೆ. ಗಂಡ ಕಟ್ಟೆಯ ಮೇಲೆ ಕೂತು ಗರುಡನ ಮೂಗಿಗೆ ಬಣ್ಣ ಹಚ್ಚುತ್ತಿದ್ದರು. ಹೆಂಡತಿ ಒಳಗೆ ಹುಣಸೆ ಬೀಜ ರುಬ್ಬುತ್ತಿದ್ದರು. ನೆನೆಸಿ, ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ ಕುದಿಸಿದರೆ ಅದೇ ಅಂಟು. ಹಗುರ ಮರದ ತುಂಡುಗಳು ಒಂದಕ್ಕೊಂದು ಕೂರುವುದು ಆ ಅಂಟಿನಿಂದ. ಗೋಣಿನಾರನ್ನು ಪುಡಿ ಮಾಡಿ, ಮರದ ಹೊಟ್ಟು, ಇದೇ ಅಂಟು ಸೇರಿಸಿ ಕಲಸಿದರೆ ಕಿಟ್ಟ. ಗೊಂಬೆಗೆ ಮೈ ಬರುವುದು ಕಿಟ್ಟದಿಂದ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಹಚ್ಚಿದ ಮೇಲೆಯೇ ಬಣ್ಣ ಹಿಡಿಯುವುದು. ಆ ಮನೆಯಲ್ಲಿ ಬಣ್ಣಕ್ಕೆ ಮುಂಚಿನ ಕೆಲಸ ಹೆಚ್ಚುಕಡಿಮೆ ಎಲ್ಲ ಆಕೆಯದೇ. ಕೈಬೆರಳ ಸಂದಿಯಲ್ಲೆಲ್ಲ ಅಂಟು ಒಣಗಿ ಬಿಳಿ ಗೆರೆ.

“ನೀವು ಎಷ್ಟು ವರ್ಷದಿಂದ ಗೊಂಬಿ ಮಾಡ್ತೀರಿ?” ಅಂತ ಕೇಳಿದೆ.

“ನಾ ಎಲ್ಲಿ ಮಾಡ್ತೀನ್ರಿ ಅಕ್ಕಾರ. ಮನ್ಯಾರು ಮಾಡ್ತಾರ. ನಂದೇನಿದ್ರೂ ಮನಿ ಕೆಲಸ ಅಷ್ಟ ರೀ.”

ಒಳಕಲ್ಲು ತಿರುಗುತ್ತಲೇ ಇತ್ತು.

ಕಮಲಾದೇವಿ 1947ರ ನಂತರ ಮಾಡಿದ ಕೆಲಸ ನನಗೆ ಅರ್ಥವಾಗಿದ್ದು ಆ ಒಳಕಲ್ಲಿನ ಮುಂದೆ. ದೇಶ ಒಡೆದಾಗ ಬಂದ ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ಊರು ಕಟ್ಟಲು ನಿಂತರು, ಸಹಕಾರ ಸಂಘ ಕಟ್ಟಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾಯಿತು. ಅದರ ಹೊಣೆ ಹೊತ್ತು ಎರಡು ದಶಕ ಹಳ್ಳಿ ಹಳ್ಳಿ ತಿರುಗಿದರು. ಕಾರ್ಖಾನೆ, ಅಣೆಕಟ್ಟು ಅಂತ ಸರ್ಕಾರ ದೊಡ್ಡದರ ಹಿಂದೆ ಬಿದ್ದಿದ್ದ ಕಾಲ. ನಮ್ಮ ತುಂಗಭದ್ರಾ ಡ್ಯಾಮೂ ಮುಗಿದಿದ್ದು ಆಗಲೇ. ಆ ಕಾಲದಲ್ಲಿ ಮನೆಯೊಳಗೆ ಕೂತು ಕೈಯಲ್ಲಿ ಮಾಡುವುದೂ ದುಡಿಮೆ, ಅದಕ್ಕೂ ಕೂಲಿ, ಮಾರುಕಟ್ಟೆ, ಗೌರವ ಬೇಕು ಅಂತ ಹಿಡಿದು ಕೂತಿದ್ದು ರಾಜಕೀಯವೇ. ಚಳವಳಿಯಲ್ಲಿ ದುಡಿಯುವ ಹೆಣ್ಣುಮಕ್ಕಳ ಬಗ್ಗೆ ಮಾತಾಡುತ್ತಿದ್ದ ಹೆಂಗಸು ಅದನ್ನೇ ಬೇರೆ ಬಾಗಿಲಿನಿಂದ ಮಾಡಿದರು. ಹೊರಳಿದ್ದು ಎಲ್ಲಿಂದ ಬಂತು?

ಹಾಗಂತ ಅವರನ್ನು ಪಟ ಮಾಡಿ ಊದಿನಕಡ್ಡಿ ಹಚ್ಚಬೇಕಿಲ್ಲ. ಕರಕುಶಲ ಉಳಿಯಬೇಕು ಅಂತ ದೂರ ನಿಂತು ಹೇಳುವುದು ಸುಲಭ. ನಮ್ಮಲ್ಲಿ ಕಸುಬು ಅಂದರೆ ಜಾತಿ. ಚಿತ್ರಗಾರರ ಹುಡುಗ ಗೊಂಬೆ ಬಿಟ್ಟು ಗಂಗಾವತಿಯಲ್ಲಿ ಮೊಬೈಲ್ ಅಂಗಡಿ ಇಟ್ಟರೆ ಕಲೆ ಸತ್ತಿತು ಅಂತ ಅಳುವವರು ತಮ್ಮ ಮಕ್ಕಳನ್ನು ಆ ಕಟ್ಟೆಯ ಮೇಲೆ ಕೂರಿಸಲ್ಲ. ಇನ್ನೊಂದು, ದೆಹಲಿಯ ದೊಡ್ಡ ಮಳಿಗೆಗಳಲ್ಲಿ ಸಾಮಾನಿಗೆ ಊರಿನ ಹೆಸರಿರುತ್ತದೆ, ಮಾಡಿದವಳ ಹೆಸರಿರಲ್ಲ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರಿನ ಲಂಬಾಣಿ ಕಸೂತಿಗೆ ಗಿನ್ನೆಸ್ ದಾಖಲೆ ಬಂತು. 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ಕಸೂತಿಗಳು. ಎಲ್ಲರೂ ಸ್ಟೇಟಸ್ ಹಾಕಿಕೊಂಡೆವು. ನಾನೂ ಹಾಕಿದ್ದೆ. ಅದರಲ್ಲಿ ಒಬ್ಬಳ ಹೆಸರು ಹೇಳಿ ಅಂದರೆ ನನಗೆ ಬರಲ್ಲ.

ಮತ್ತೆ ಕಿನ್ನಾಳಕ್ಕೆ. ಕುಶಲಕರ್ಮಿಗಳಿಗೆ ಕೇಂದ್ರ ಸರ್ಕಾರ ಪಹಚಾನ್ ಅಂತ ಒಂದು ಕಾರ್ಡ್ ಕೊಡುತ್ತದೆ. ಗಂಡನ ಹತ್ತಿರ ಇತ್ತು. ತೋರಿಸಿದರು. “ಇವರದು?” ಅಂದೆ. ಗಂಡ ಒಂದು ಕ್ಷಣ ಬ್ರಷ್ ಎತ್ತಿ ಹಿಡಿದು ಯೋಚನೆ ಮಾಡಿದರು. “ಅಕಿಗೂ ಕೊಡ್ತಾರೇನ್ರಿ?” ಅಂದರು. ತಡೆದಿದ್ದೇನೂ ಅಲ್ಲ. ಆ ಮನುಷ್ಯನ ತಲೆಗೆ ಅದು ಬಂದೇ ಇರಲಿಲ್ಲ. ಹೆಂಡತಿಯ ತಲೆಗೂ ಬಂದಿರಲಿಲ್ಲ.

ಹೊರಡುವಾಗ ಆಕೆ ಬಾಗಿಲ ತನಕ ಬಂದರು. ಅರ್ಜಿಗೆ ಏನೇನು ಬೇಕಾಗಬಹುದು ಅಂತ ಕೇಳಿದರು. ಆಧಾರ್ ಕಾರ್ಡಿನ ಝೆರಾಕ್ಸ್, ಬ್ಯಾಂಕ್ ಪಾಸ್‌ಬುಕ್, ಒಂದೆರಡು ಫೋಟೋ ಇಟ್ಟುಕೊಂಡಿರಿ ಅಂದೆ. ಫೋಟೋ ಅಂದ ಕೂಡಲೇ ಒಳಗೆ ಹೋಗಿ ಗೋಡೆಯ ಮೇಲಿದ್ದ ಮದುವೆಯ ಫೋಟೋ ಇಳಿಸಿಕೊಂಡು ಬಂದರು. ಸೆರಗಿನಿಂದ ಗಾಜು ಒರೆಸಿ, ಗಂಡನಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದರು:

“ನಂದು ಒಬ್ಬಾಕಿದು ಯಾವ್ದೂ ಇಲ್ರಿ ಅಕ್ಕಾರ. ಇದರಾಗ ನಂದಷ್ಟ ಕತ್ತರಿಸಿದ್ರ ನಡೀತೈತೇನ್ರಿ?”

ನಡೆಯಲ್ಲ, ಹೊಸದು ತೆಗೆಸೋಣ ಅಂದೆ. ಸೋಮವಾರ ಕೊಪ್ಪಳಕ್ಕೆ ಬರ್ತಾರೆ. ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದವನಿಗೆ ಹೇಳಿಟ್ಟಿದ್ದೀನಿ.